ಅಮ್ಮನ ಉಚ್ಚಾರ, ಅಪ್ಪನ ಸ್ಪೆಲಿಂಗು

ಬೈರಕೂರಿನ ಹತ್ತಿರದ ಹಳ್ಳಿಯಲ್ಲಿದ್ದ ನಮ್ಮ ಮನೆಯಲ್ಲಿ ನಡುಮನೆಗೂ ಅಡುಗೆಮನೆಗೂ ನಡುವೆ ಒಂದು ತಗ್ಗು ಬಾಗಿಲಿತ್ತು. ಅಪ್ಪನಂಥ ಎತ್ತರದವರು ಒಳಗೆ ಹೋಗಬೇಕಾದರೆ ಚೆನ್ನಾಗಿಯೇ ಬಗ್ಗಬೇಕಿತ್ತು. ಅದಕ್ಕೋ ಏನೋ ಅವರು ಹೋಗುತ್ತಲೇ ಇರಲಿಲ್ಲ. ಕುಡಿಯಲು ನೀರು ಬೇಕಾದರೂ ನಡುಮನೆಯ ಕುರ್ಚಿಯಲ್ಲಿ ಕೂತೇ ಕೂಗುವರು. ಒಳಗೆ ಅಮ್ಮ, ಸೌದೆ ಒಲೆ, ಹೊಗೆ ಹಿಡಿದ ಜಂತಿ, ಹುಣಿಸೆಹಣ್ಣಿನ ಮಡಕೆ. ಹೊರಗೆ ಅಪ್ಪ, ಅವರ ಪುಸ್ತಕಗಳು, ಗೋಡೆಗೆ ತೂಗುಹಾಕಿದ್ದ ಭಾರತದ ಭೂಪಟ. ಎರಡಕ್ಕೂ ಮಧ್ಯೆ, ಆ ಬಾಗಿಲ ಪಕ್ಕದ ಗೋಡೆಗೆ ಒರಗಿಕೊಂಡು, ಅಪ್ಪನ ತಾಯಿ. ಅವಳನ್ನು ನಾವು ಅವ್ವ ಎನ್ನುತ್ತಿದ್ದೆವು. ಅವ್ವ ಕಾಲು ಚಾಚಿ ಕೂತು ಒಳಗಿನ ಮಾತನ್ನೂ ಹೊರಗಿನ ಮಾತನ್ನೂ ಒಟ್ಟಿಗೇ ಕೇಳಿಸಿಕೊಳ್ಳುತ್ತಿದ್ದಳು. ಅವ್ವನ ಬಾಯಲ್ಲಿ ತೆಲುಗು ಹೆಚ್ಚು, ಅಪ್ಪ ಅಮ್ಮ ತಮ್ಮತಮ್ಮಲ್ಲಿ ಕನ್ನಡ, ಜಗಳ ಬಂದರೆ ಮೂವರದೂ ತೆಲುಗು. ಆ ಮನೆಗೆ ಒಬ್ಬಳೇ ಮಗು ನಾನು. ಇಂಗ್ಲಿಷ್ ಆ ಮನೆಗೆ ಹೊಕ್ಕಾಗ ನನಗೆ ಇನ್ನೂ ಕನ್ನಡದ ಒತ್ತಕ್ಷರಗಳೇ ಸರಿಯಾಗಿ ಕೂತಿರಲಿಲ್ಲ.

ಅಪ್ಪ ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವ ಮೇಷ್ಟ್ರು. ಭೂಪಟದ ಮೇಲೆ ಬೆರಳಿಟ್ಟು ನದಿಗಳ ಹೆಸರು ಹೇಳಿಕೊಂಡು ಸುಖವಾಗಿದ್ದರು. ಶಾಲೆಯ ಇಂಗ್ಲಿಷ್ ಮೇಷ್ಟ್ರಿಗೆ ವರ್ಗವಾಗಿ ಅವರ ಜಾಗಕ್ಕೆ ಯಾರೂ ಬರದೇ ಇದ್ದಾಗ, ಹೆಡ್ಮಾಸ್ಟರು ಮೇಲಿನ ತರಗತಿಗಳ ಇಂಗ್ಲಿಷನ್ನು ಅಪ್ಪನ ತಲೆಗೆ ಕಟ್ಟಿದರು. ಅಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ ಎಂದಲ್ಲ. ಕೋಲಾರದ ಹಾಸ್ಟೆಲಿನಲ್ಲಿದ್ದಾಗ ವ್ಯಾಕರಣದ ದಪ್ಪ ಪುಸ್ತಕವೊಂದನ್ನು ಉರುಹೊಡೆದಿದ್ದರು. ಯಾವ ಪದ ಕೊಟ್ಟರೂ ಅಕ್ಷರ ತಪ್ಪದಂತೆ ಬರೆಯುತ್ತಿದ್ದರು. ಆದರೆ ಆ ಪದಗಳನ್ನು ಯಾರ ಬಾಯಿಂದಲೂ ಕೇಳಿದವರಲ್ಲ. ಅವರಿಗೆ ಇಂಗ್ಲಿಷ್ ಎಂದರೆ ಕಣ್ಣಿಗೆ ಕಾಣುವ ಭಾಷೆ. ಮೊದಲ ದಿನ ತರಗತಿಯಲ್ಲಿ ಗಲಾಟೆಯಾದಾಗ ಅಪ್ಪ ಮೇಜು ತಟ್ಟಿ, "ಕೀಪ್ ಕ್ವೈಟ್!" ಎಂದರಂತೆ. ಬ್ಯಾಂಕಿಗೆ ವರ್ಗವಾಗಿ ಬಂದವರ ಮಗನೊಬ್ಬ, ಬೆಂಗಳೂರಿನಲ್ಲಿ ಓದಿ ಬಂದವನು, ಎದ್ದು ನಿಂತು ಕೇಳಿದನಂತೆ:

"ಸಾರ್, ಸುಮ್ನಿರಿ ಅನ್ನೋದಕ್ಕೆ ಕ್ವಯೆಟ್ ಅನ್ಬೇಕಲ್ವಾ? ಕ್ವೈಟ್ ಅಂದ್ರೆ ಸಾಕಷ್ಟು. ಸಾಕಷ್ಟು ಏನಿಟ್ಕೊಬೇಕು ಸಾರ್?"

ಇಡೀ ತರಗತಿ ನಕ್ಕಿತು. ಆ ಎರಡು ಪದಗಳಿಗೂ ಇರುವುದು ಅವೇ ಐದು ಅಕ್ಷರ. ಕೊನೆಯಲ್ಲಿ ಇ ಮೊದಲು ಬಂದು ಟಿ ಆಮೇಲೆ ಬಂದರೆ ಮೌನ, ಟಿ ಮೊದಲು ಬಂದು ಇ ಆಮೇಲೆ ಬಂದರೆ ಸಾಕಷ್ಟು. ಬರೆ ಎಂದಿದ್ದರೆ ಅಪ್ಪ ಎರಡನ್ನೂ ಕಣ್ಣು ಮುಚ್ಚಿಕೊಂಡು ಬರೆಯುತ್ತಿದ್ದರು. ಹೇಳುವಾಗ ಎರಡೂ ಅವರಿಗೆ ಒಂದೇ. ಅವತ್ತು ಅವರು ಮನೆಗೆ ಬಂದು ಚಪ್ಪಲಿ ಬಿಟ್ಟು ಕುರ್ಚಿಯಲ್ಲಿ ಕೂತವರು ಊಟಕ್ಕೆ ಏಳಲಿಲ್ಲ. ಏನಾಯಿತೆಂದು ಮನೆಯಲ್ಲಿ ಹೇಳಲೂ ಇಲ್ಲ. ಪಕ್ಕದ ಮನೆಯ ಹುಡುಗ ಅದೇ ತರಗತಿಯಲ್ಲಿದ್ದ. ಸಂಜೆಯೊಳಗೆ ನಮಗೆಲ್ಲ ಗೊತ್ತಾಗಿತ್ತು. ಗೊತ್ತಿಲ್ಲದವರ ಹಾಗೆ ಇದ್ದೆವು.

ಅದು ಅವರೆಕಾಯಿಯ ಕಾಲ. ನೆನೆಹಾಕಿದ ಕಾಳನ್ನು ಹಿತುಕುತ್ತ ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದಳು, ಎದುರಿಗೆ ಅವ್ವ. ಬೆರಳ ತುದಿಯಲ್ಲಿ ಒತ್ತಿದರೆ ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತಿತ್ತು, ಸಿಪ್ಪೆ ಕೈಯಲ್ಲಿ ಉಳಿಯುತ್ತಿತ್ತು. ನಡುಮನೆಯಲ್ಲಿ ಅಪ್ಪ ಗೋಡೆಯ ಕಡೆ ಮುಖ ಮಾಡಿಕೊಂಡು, ಯಾರಿಗೂ ಕೇಳದ ಹಾಗೆ ಎಂದುಕೊಂಡು, ಆ ಪದವನ್ನು ಹೇಳಿ ಹೇಳಿ ನೋಡುತ್ತಿದ್ದರು. ಕ್ವೈಟ್. ಕ್ವಾಯಿಟ್. ಕ್ವೈಟು. ಅಮ್ಮ ತಲೆ ಎತ್ತದೆ ಹೇಳಿದಳು:

"ಕ್ವ-ಯೆಟ್. ಬಾಯಿ ಎರಡು ಸಲ ತೆಗೀಬೇಕು ರೀ. ಇನ್ನೊಂದಕ್ಕೆ ಒಂದೇ ಸಲ."

ಅಪ್ಪ ತಿರುಗಿ ನೋಡಿದರು. ಅವ್ವನ ಬೆರಳು ಕಾಳಿನ ಮೇಲೆ ನಿಂತಿತು.

ಅಮ್ಮ ಕೆಜಿಎಫ್‌ನವಳು. ಅವಳ ಅಪ್ಪ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದರು. ಅಮ್ಮ ಸಣ್ಣವಳಿದ್ದಾಗಲೇ ಅವಳ ತಾಯಿ ತೀರಿಕೊಂಡಿದ್ದರಿಂದ, ಹಗಲೆಲ್ಲ ಪಕ್ಕದ ಮನೆಯ ಆಂಗ್ಲೋ ಇಂಡಿಯನ್ ವಿಧವೆಯ ಹತ್ತಿರ ಬೆಳೆದಳು. ಆಕೆಯನ್ನು ಡೋರಾ ಆಂಟಿ ಎನ್ನುತ್ತಿದ್ದಳು. ಆ ಮನೆಯಲ್ಲಿ ಬೈದರೂ ಇಂಗ್ಲಿಷ್, ಮುದ್ದಿಸಿದರೂ ಇಂಗ್ಲಿಷ್. ಅಮ್ಮ ಶಾಲೆಗೆ ಹೋದದ್ದು ಸ್ವಲ್ಪವೇ. ಅಲ್ಲಿಯೂ ಕನ್ನಡದಲ್ಲಿ ಓದಿದ್ದು. ಹಾಗಾಗಿ ಇಂಗ್ಲಿಷ್ ಅವಳಿಗೆ ಪೂರ್ತಿಯಾಗಿ ಕಿವಿಯಿಂದ ಬಂದದ್ದು. ಹಳ್ಳಿಗೆ ಮದುವೆಯಾಗಿ ಬಂದ ಮೇಲೆ ಅದನ್ನು ಮಾತಾಡಲು ಯಾರೂ ಇರಲಿಲ್ಲ. ಒಮ್ಮೊಮ್ಮೆ ಕರುವಿಗೆ ಮೇವು ಹಾಕುವಾಗ ಅದರ ಜೊತೆ ಇಂಗ್ಲಿಷಿನಲ್ಲಿ ಮಾತಾಡುವುದನ್ನು ನಾನು ಕೇಳಿದ್ದೆ. ಅದು ಕರುಗಳ ಭಾಷೆ ಇರಬೇಕು ಎಂದುಕೊಂಡಿದ್ದೆ.

ಮಾರನೆಯ ಬೆಳಿಗ್ಗೆಯಿಂದ ಮನೆಯಲ್ಲಿ ಪಾಠ ಶುರುವಾಯಿತು. ಅಪ್ಪ ಅವತ್ತಿನ ಪಾಠದ ಪದಗಳನ್ನು ಅಕ್ಷರ ಬಿಡಿಸಿ, ಅರ್ಥ ಸೇರಿಸಿ ಹೇಳುವರು, ಅಮ್ಮ ಯೋಚಿಸಿ, "ಓ, ಅದಾ!" ಎಂದು ಉಚ್ಚರಿಸುವಳು. ಡೆಸರ್ಟ್ ಎಂದರೆ ಮರುಭೂಮಿ, ಡಿಸರ್ಟ್ ಎಂದರೆ ಊಟದ ಕೊನೆಯ ಸಿಹಿ. ಒಂದಕ್ಕೆ ಒಂದು ಎಸ್, ಇನ್ನೊಂದಕ್ಕೆ ಎರಡು. ಎಷ್ಟು ಎಸ್ ಎಂಬುದು ಅಪ್ಪನಿಗೆ ಗೊತ್ತು, ಒತ್ತು ಎಲ್ಲಿ ಬೀಳಬೇಕು ಎಂಬುದು ಅಮ್ಮನಿಗೆ ಗೊತ್ತು. ಕಾಫಿ ಆರಿ ತಣ್ಣಗಾಗುತ್ತಿತ್ತು. ಅಪ್ಪ ಅಮ್ಮ ಅಷ್ಟು ಹೊತ್ತು ಎದುರುಬದುರು ಕೂತಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಅವ್ವನಿಗೆ ಅದು ಅಷ್ಟಾಗಿ ಹಿಡಿಸಲಿಲ್ಲ. "ಪೊದ್ದುನ್ನೇ ಏನ್ರಾ ಇದು ಗಂಡ ಹೆಂಡ್ತಿ ಬಜನೆ," ಎಂದು ಬೆಳಬೆಳಿಗ್ಗೆಯೇ ಗೊಣಗುತ್ತಿದ್ದಳು.

ಅದು ಹೆಚ್ಚು ದಿನ ನಡೆಯಲಿಲ್ಲ. ಒಂದು ಭಾನುವಾರ ಅಮ್ಮ ಹುಮ್ಮಸ್ಸಿನಲ್ಲಿ ನನ್ನ ಸ್ಲೇಟು ಎಳೆದುಕೊಂಡು, ಡೋರಾ ಆಂಟಿಯ ಮನೆಯ ಗೋಡೆಯಲ್ಲಿ ರೆಕ್ಕೆಯ ದೇವದೂತನ ಪಟವಿತ್ತು ಎಂದು ಹೇಳುತ್ತ, ಏಂಜಲ್ ಎಂದು ಬರೆದಳು. ಅಪ್ಪ ಸ್ಲೇಟು ತಿರುಗಿಸಿ ನೋಡಿ ಜೋರಾಗಿ ನಕ್ಕರು. ಕೊನೆಯಲ್ಲಿ ಇ, ಎಲ್ ಇರಬೇಕಾದಲ್ಲಿ ಎಲ್, ಇ ಬರೆದಿದ್ದಳು.

"ಇದು ಆ್ಯಂಗಲ್ ಕಣೇ! ಕೋನ! ದೇವದೂತನ ರೆಕ್ಕೆ ಕಿತ್ತು ಮೂಲೆಗೆ ನಿಲ್ಲಿಸ್ಬಿಟ್ಯಲ್ಲೇ. ಅವ್ವಾ, ನೋಡು ಬಾ, ನಿನ್ ಸೊಸೆ ಇಂಗ್ಲೀಷು!"

ಅವ್ವನಿಗೆ ಇ ಯಾವುದು ಎಲ್ ಯಾವುದು ಎಂದು ಗೊತ್ತಿಲ್ಲ. ಆದರೂ ನಕ್ಕಳು, ಅಪ್ಪನಿಗಿಂತ ಜೋರಾಗಿ ನಕ್ಕಳು. "ದೊರೆಸಾನಿ ಅಂದ್ಕೊಂಡಿದ್ನಲ್ಲಮ್ಮಾ ನಾನು! ಬರೆಯೋಕೇ ಬರಲ್ವಾ?" ಎಂದಳು. ಅಮ್ಮ ಸೆರಗಿನಿಂದ ಸ್ಲೇಟು ಒರೆಸಿ ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಅಪ್ಪ ಇನ್ನೂ ನಗುತ್ತಿದ್ದರು. ತರಗತಿಯ ನಗು ಅವರ ಹೊಟ್ಟೆಯಲ್ಲಿ ಅಷ್ಟು ದಿನ ಕೂತಿತ್ತು ಎಂದು ಈಗ ಅನ್ನಿಸುತ್ತದೆ. ಅದನ್ನು ಯಾರ ಮೇಲಾದರೂ ಇಳಿಸಬೇಕಿತ್ತು.

ಅಂದಿನಿಂದ ಅಮ್ಮ ಅಪ್ಪನ ಜೊತೆ ಮಾತು ಬಿಟ್ಟಳು. ಅಡುಗೆ, ನೀರು, ಇಸ್ತ್ರಿ ಯಾವುದಕ್ಕೂ ಕೊರತೆ ಮಾಡಲಿಲ್ಲ. ಮಾತು ಮಾತ್ರ ಇಲ್ಲ. ಅಪ್ಪ ಮೊದಲು ಸಿಟ್ಟಾದರು, ಆಮೇಲೆ ಅವರೂ ಬಿಟ್ಟರು. ಆದರೆ ಶಾಲೆ ನಿಲ್ಲುವುದಿಲ್ಲವಲ್ಲ. ದಿನಾ ಪಾಠವಿತ್ತು, ದಿನಾ ಹೊಸ ಪದಗಳಿದ್ದವು. ಆಗ ಅಪ್ಪ ನನ್ನನ್ನು ಕರೆದರು.

"ವನಜಾ, ನಿಮ್ಮಮ್ಮನ್ನ ಕೇಳ್ಕೊಂಡು ಬಾ. ಎಲ್, ಓ, ಎಸ್, ಇ. ಇದನ್ನ ಹೆಂಗನ್ನೋದು?"

ನಾನು ಆ ಬಾಗಿಲು ದಾಟಿ ಒಳಗೆ ಹೋಗಿ ಅಕ್ಷರಗಳನ್ನು ಒಪ್ಪಿಸುತ್ತಿದ್ದೆ. ಅಮ್ಮನಿಗೆ ಅಕ್ಷರಗಳಿಂದ ಏನೂ ತಿಳಿಯುತ್ತಿರಲಿಲ್ಲ. "ಅರ್ಥ ಏನಂತ ಕೇಳು," ಎನ್ನುವಳು. ವಾಪಸು ಬರುವೆ. "ಕಳ್ಕೊಳ್ಳೋದು ಅಂತ ಹೇಳು." ಮತ್ತೆ ಒಳಗೆ. ಆಗ ಅಮ್ಮ, "ಲೂಝ್. ಸಡಿಲ ಅಂತಾರಲ್ಲ, ಅದು ಬೇರೆ, ಅದು ಲೂಸ್," ಎಂದಳು. ನನಗೆ ಎರಡೂ ಒಂದೇ ಕೇಳಿಸಿತು. ನಮ್ಮ ಕಡೆ ಲೂಸು ಎಂದರೆ ತಲೆ ಸರಿಯಿಲ್ಲದವನು, ನನಗೆ ಗೊತ್ತಿದ್ದದ್ದು ಅಷ್ಟೇ. ಅಮ್ಮ ಮುದ್ದೆ ತಿರುವುತ್ತಿದ್ದ ಕೋಲು ಕೆಳಗಿಟ್ಟು, ನನ್ನ ಎರಡು ಬೆರಳು ಹಿಡಿದು ತನ್ನ ಗಂಟಲಿನ ಮೇಲೆ ಇಟ್ಟುಕೊಂಡಳು. ಲೂಸ್ ಎಂದಳು. ಕೊನೆಗೆ ಗಂಟಲು ಸುಮ್ಮನಾಯಿತು. ಲೂಝ್ ಎಂದಳು. ಬೆರಳಿನ ಕೆಳಗೆ ಜೇನ್ನೊಣ ಕೂತ ಹಾಗೆ ಗುಂಯ್‌ಗುಟ್ಟಿತು. ಒಲೆಯ ಮುಂದೆ ಕೂತಿದ್ದ ಆ ಗಂಟಲು ಬೆವರಿತ್ತು, ಬಿಸಿಯಾಗಿತ್ತು. ನಾನು ಓಡಿ ಹೋಗಿ ಅಪ್ಪನ ಬೆರಳನ್ನು ನನ್ನ ಗಂಟಲಿನ ಮೇಲಿಟ್ಟುಕೊಂಡು ಅದೇ ಗುಂಯ್ ತಂದುಕೊಟ್ಟೆ. ಅಪ್ಪ ತಮ್ಮ ಗಂಟಲು ಮುಟ್ಟಿ ನೋಡಿಕೊಂಡರು. ಅಲ್ಲಿ ನೊಣವಿರಲಿಲ್ಲ.

"ಇನ್ನೊಂದ್ಸಲ ಕೇಳ್ಕೊಂಡು ಬಾ," ಎಂದರು.

ಹೀಗೆ ನಾನು ಇಂಗ್ಲಿಷ್ ಕಲಿತೆ. ಶ್ರೀನಿವಾಸಪುರ, ಮಾಲೂರು, ಈಗ ಕೋಲಾರ, ಎಲ್ಲ ಕಡೆ ಇಂಗ್ಲಿಷ್ ಪಾಠ ಮಾಡಿ ನಿವೃತ್ತಿಯ ಅಂಚಿಗೆ ಬಂದಿದ್ದೇನೆ. ಹೊಸದಾಗಿ ಬಂದ ಮೇಷ್ಟ್ರುಗಳು, "ಮೇಡಂ, ನೀವು ಕಾನ್ವೆಂಟಲ್ಲಿ ಓದಿದ್ರಾ?" ಎಂದು ಕೇಳುತ್ತಾರೆ. ನಕ್ಕು ಕ್ಲಾಸಿಗೆ ಹೊರಡುತ್ತೇನೆ. ನಾನು ಯಾರ ಲೂಸ್ ತಿದ್ದಿದ್ದೆನೋ ಅವರ ಮಕ್ಕಳು ಈಗ ಮುಂದಿನ ಬೆಂಚಿನಲ್ಲಿ ಕೂತು ಅದೇ ಲೂಸ್ ಬರೆಯುತ್ತಾರೆ. ಕೋಪ ಬರುವುದಿಲ್ಲ, ಕೆಂಪು ಪೆನ್ನು ಎತ್ತುವಾಗ ಕೈ ಭಾರವಾಗುತ್ತದೆ, ಅಷ್ಟೇ. ಪದಗಳಿಗಿಂತ ಹೆಚ್ಚಾಗಿ ದಣಿಸಿದ್ದು ಇನ್ನೊಂದು. ಸ್ಟಾಫ್ ರೂಮಿನಲ್ಲಿ ಯಾರಿಗಾದರೂ ಹೆಡ್ಮಾಸ್ಟರ ಮೇಲೆ ಸಿಟ್ಟು ಬಂದರೆ, "ವನಜಾ ಮೇಡಂ, ನೀವೇ ಒಂದು ಮಾತು ಹೇಳಿ," ಎನ್ನುತ್ತಾರೆ. ಗಂಡನ ಮನೆಯಲ್ಲಿ ವಾರಗಿತ್ತಿಯರಿಬ್ಬರು ಮಾತು ಬಿಟ್ಟರೆ ನನಗೇ ಫೋನು. ಇವರ ಮಾತನ್ನು ಅವರಿಗೆ, ಅವರ ಮಾತನ್ನು ಇವರಿಗೆ ಮುಟ್ಟಿಸಿ ಜೀವನ ಕಳೆಯಿತು. ನನ್ನ ಮಾತು ಯಾವುದು ಎಂದು ಯಾರಾದರೂ ಕೇಳಿದರೆ ಸ್ವಲ್ಪ ಹೊತ್ತು ಯೋಚಿಸಬೇಕಾಗುತ್ತದೆ. ಸಣ್ಣ ಮಕ್ಕಳಿಗೆ ದಣಿವು ಗೊತ್ತಾಗುವುದಿಲ್ಲ ಎನ್ನುತ್ತಾರೆ. ಗೊತ್ತಾಗುತ್ತದೆ. ಅದರ ಹೆಸರು ಗೊತ್ತಿರುವುದಿಲ್ಲ.

ಮಾವಿನಕಾಯಿ ಪೇಟೆಗೆ ಬರುವ ಹೊತ್ತಿಗೂ ಅವರ ಮೌನ ಮುರಿದಿರಲಿಲ್ಲ. ಅಮ್ಮ ನನ್ನನ್ನು ಕರೆದುಕೊಂಡು ಮುಳಬಾಗಿಲಿಗೆ ಬಟ್ಟೆ ತರಲು ಹೋಗಿದ್ದಳು. ಅಂಗಡಿಯಲ್ಲಿ ಒಂದು ಪುಟ್ಟ ಮಗು ಕತ್ತರಿ ಎತ್ತಿಕೊಂಡಿತು. ಅಮ್ಮ ಅದನ್ನು ಗದರಿಸದೆ, ಡೋರಾ ಆಂಟಿಯ ಧ್ವನಿಯಲ್ಲಿ, ಇಂಗ್ಲಿಷಿನಲ್ಲಿ ಏನೋ ಹೇಳಿ ನಗಿಸುತ್ತ ಕತ್ತರಿ ಬಿಡಿಸಿಕೊಂಡಳು. ಅಂಗಡಿಯವರ ತಂಗಿ ಶಾಹೀನಾ ಅಲ್ಲೇ ಕೂತಿದ್ದರು. ಅವರು ತಮ್ಮ ಮನೆಯ ಹಿಂಭಾಗದಲ್ಲಿ ಸಣ್ಣ ಮಕ್ಕಳಿಗೆ ಇಂಗ್ಲಿಷ್ ಶಾಲೆ ತೆರೆದು, ಇಂಗ್ಲಿಷ್ ಮಾತಾಡುವ ಮಿಸ್ಸಿಗಾಗಿ ಹುಡುಕುತ್ತಿದ್ದರು.

"ಅರೆ, ಎಲ್ಲಿದ್ರಿ ಅಕ್ಕಾ ನೀವು ಇಷ್ಟು ದಿನ? ನಮ್ಮ ಸ್ಕೂಲಿಗೆ ಬಂದ್ಬಿಡಿ," ಎಂದು ಅಮ್ಮನ ಕೈ ಹಿಡಿದುಕೊಂಡರು.

ಬಸ್ಸಿನಲ್ಲಿ ಬರುವಾಗ ಅಮ್ಮ ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಒಳಗೊಳಗೇ ಏನೋ ಹಾಡಿಕೊಳ್ಳುತ್ತಿದ್ದಳು. ಮನೆಗೆ ಬಂದವಳೇ ಅಡುಗೆಮನೆಗೆ ಹೋಗಿ ನನ್ನನ್ನು ಕಳಿಸಿದಳು. "ನಿಮ್ಮಪ್ಪನಿಗೆ ಹೇಳು, ಮುಳಬಾಗಿಲಲ್ಲಿ ಸ್ಕೂಲಿಗೆ ಕರೆದಿದಾರೆ, ಹೋಗ್ತೀನಿ ಅಂತ." ನಾನು ಹೇಳಿದೆ. ಅಪ್ಪ ಪುಸ್ತಕದಿಂದ ಕಣ್ಣು ತೆಗೆಯಲಿಲ್ಲ.

"ನಿಮ್ಮಮ್ಮನಿಗೆ ಹೇಳು, ಅಲ್ಲಿ ಬೋರ್ಡ್ ಮೇಲೆ ಬರೀಬೇಕಾಗುತ್ತೆ. ಕೋನಕ್ಕೆ ರೆಕ್ಕೆ ಕಟ್ಟಿದ್ರೆ ಎಳೆ ಮಕ್ಕಳೂ ನಗ್ತಾರೆ ಅಂತ ಹೇಳು."

ನಾನು ಬಾಗಿಲವರೆಗೆ ಹೋದೆ. ಅಲ್ಲಿಂದ ಮುಂದೆ ಕಾಲು ಹೋಗಲಿಲ್ಲ. ಅವ್ವನ ಪಕ್ಕದಲ್ಲಿ ಹೊಸಿಲ ಮೇಲೆ ಕೂತುಬಿಟ್ಟೆ.

"ಏನಾಯ್ತೇ? ಹೋಗಿ ಹೇಳು," ಅಪ್ಪ ಎಂದರು.

"ನಾನು ಹೇಳಲ್ಲ."

"ಏನು?"

"ಹೇಳಲ್ಲಪ್ಪಾ. ನಂಗೆ ಸಾಕಾಗೋಗಿದೆ. ನೀವೇ ಹೇಳ್ಕೊಳ್ಳಿ."

ಹೇಳಿದ ಮೇಲೆ ಅಳು ಬಂತು. ಅಪ್ಪ ಕುರ್ಚಿಯಿಂದ ಎದ್ದರು, ಹೊಡೆಯುತ್ತಾರೆ ಎಂದುಕೊಂಡೆ. ಅವ್ವ ಕೈ ಚಾಚಿ ನನ್ನನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. "ಇಡಿಚಿಪೆಟ್ಟರಾ," ಬಿಟ್ಟುಬಿಡು ಎಂದಳು ಮಗನಿಗೆ ತೆಲುಗಿನಲ್ಲಿ. "ಪಿಲ್ಲ ಸೊರಗೋಗಿದೆ, ಕಣ್ಣಿಗೆ ಕಾಣಲ್ವಾ ನಿಂಗೆ? ಎತ್ತನ್ನಾದ್ರೂ ಮಧ್ಯಾಹ್ನ ಬಿಚ್ಚಿ ಕಟ್ತಾರೆ." ಅವ್ವ ಅಮ್ಮನ ಪರವಾಗಿಯೋ ನನ್ನ ಪರವಾಗಿಯೋ ಅಪ್ಪನ ಮೇಲೆ ರೇಗಿದ್ದನ್ನು ನಾನು ಕಂಡದ್ದು ಅದೇ ಮೊದಲು. ಅಷ್ಟರಲ್ಲಿ ಅಮ್ಮ ಬಾಗಿಲಿಗೆ ಬಂದಳು. ಕೈಗೆ ಹಿಟ್ಟು ಮೆತ್ತಿಕೊಂಡಿತ್ತು.

"ಎಲ್ಲಾ ಕೇಳಿಸ್ತು," ಎಂದಳು ನೇರವಾಗಿ ಅಪ್ಪನಿಗೆ. "ನಾನು ಹೋಗ್ತೀನಿ ರೀ. ಬೇಡ ಅನ್ನೋದಾದ್ರೆ ನನ್ನ ಮುಖ ನೋಡಿ ಹೇಳಿ."

ಅಪ್ಪ ಭೂಪಟ ನೋಡಿದರು. ಆಮೇಲೆ ತಮ್ಮ ಕಾಲು ನೋಡಿಕೊಂಡರು.

"ಬೇಡ ಅಂತ ನಾನೆಲ್ಲಂದೆ?" ಎಂದರು.

ಅಮ್ಮ ಕೆಲಸಕ್ಕೆ ಹೋಗತೊಡಗಿದಳು. ಬೆಳಿಗ್ಗೆ ಮುದ್ದೆ ಮಾಡಿಟ್ಟು ಬಸ್ಸು ಹತ್ತಿದರೆ ಸಂಜೆಗೆ ಬರುವಳು. ಮಧ್ಯಾಹ್ನದ ಅಡುಗೆ ಅವ್ವನ ಪಾಲಿಗೆ ಬಂತು, ಗೊಣಗುತ್ತಲೇ ಮಾಡಿದಳು. ಅಮ್ಮ ಬರುವಾಗ ಅವಳ ಸೀರೆಗೆ ಸೀಮೆಸುಣ್ಣದ ವಾಸನೆ ಇರುತ್ತಿತ್ತು. ಮಕ್ಕಳು ತನ್ನ ಹಾಡಿಗೆ ಕುಣಿದದ್ದನ್ನು ನನಗೆ ಹೇಳುವ ನೆಪದಲ್ಲಿ ಅಪ್ಪನಿಗೂ ಕೇಳುವ ಹಾಗೆ ಹೇಳುತ್ತಿದ್ದಳು. ಅಪ್ಪನ ಜೊತೆ ಈಗ ಮಾತಿತ್ತು. ಊಟಕ್ಕೆ ಬನ್ನಿ, ಬಸ್ಸು ತಡವಾಯ್ತು, ಅಷ್ಟರ ಮಟ್ಟಿಗೆ. ಪದಗಳನ್ನು ಮಾತ್ರ ಅವರಾಗಿ ಕೇಳಲಿಲ್ಲ, ಇವಳಾಗಿ ಹೇಳಲಿಲ್ಲ.

ಒಂದು ದಿನ ಅಮ್ಮ ಬೇಗ ಬಂದಳು. ಬಟ್ಟೆಯ ಚೀಲವನ್ನು ನಡುಮನೆಯಲ್ಲಿಟ್ಟು, ಒಳಗೆ ಹೋಗದೆ ಅಲ್ಲೇ ನೆಲದ ಮೇಲೆ ಕೂತಳು.

"ನಾಳೆಯಿಂದ ಹೋಗಲ್ಲ," ಎಂದಳು.

ಮಕ್ಕಳ ಮನೆಗೆ ಕಳಿಸುವ ಡೈರಿಗಳಲ್ಲಿ ಮಿಸ್ಸು ದಿನಾ ಒಂದು ಸಾಲು ಬರೆಯಬೇಕಿತ್ತು. ‘ದಯವಿಟ್ಟು ಡೈರಿಗೆ ಸಹಿ ಹಾಕಿ’ ಎಂದು ಅಮ್ಮ ಇಂಗ್ಲಿಷಿನಲ್ಲಿ ಬರೆದಿದ್ದಳು. ನಮ್ಮ ಕಡೆ ಹಾಲು ಹಾಕುವ ಕಡೆಗೂ ಡೈರಿ ಎನ್ನುತ್ತೇವೆ, ದಿನಚರಿ ಪುಸ್ತಕಕ್ಕೂ ಡೈರಿಯೇ. ಇಂಗ್ಲಿಷಿನಲ್ಲಿ ಎ ಮತ್ತು ಐ ಜಾಗ ಬದಲಾದರೆ ಒಂದು ಇನ್ನೊಂದಾಗುತ್ತದೆ. ಅಮ್ಮ ಎಲ್ಲ ಮಕ್ಕಳಿಗೂ ಹಾಲಿನದನ್ನು ಬರೆದಿದ್ದಳು. ಒಂದು ಮಗುವಿನ ತಂದೆ ಅದನ್ನು ಶಾಲೆಯ ಗೇಟಿನ ಹತ್ತಿರ ನಾಲ್ಕು ಜನರಿಗೆ ತೋರಿಸಿ, "ಯಾವೂರ ಡೈರಿಗಮ್ಮಾ ಸೈನ್ ಹಾಕೋದು? ಎಮ್ಮೆ ಹಾಲಿಂದಾ, ಹಸು ಹಾಲಿಂದಾ?" ಎಂದು ಕೇಳಿದನಂತೆ. ಶಾಹೀನಾ ಮೇಡಂ ಬೈಯಲಿಲ್ಲ. "ಅಕ್ಕಾ, ನಿಮ್ಮ ಮಾತು ಕೇಳಿ ನಾನು ಕರ್ಕೊಂಡೆ. ಫೀಸು ಕೊಡೋರು ಬರೆದಿದ್ದು ನೋಡ್ತಾರೆ. ನಾನೇನು ಮಾಡ್ಲಿ ಹೇಳಿ," ಎಂದು, ಎಲ್ಲವನ್ನೂ ಸರಿ ಮಾಡಿಕೊಂಡು ಬರಲು ಚೀಲಕ್ಕೆ ತುಂಬಿ ಕಳಿಸಿದ್ದರು.

ಅಪ್ಪ ಚೀಲಕ್ಕೆ ಕೈ ಹಾಕಿ ಒಂದನ್ನು ತೆಗೆದು ಓದಿದರು. ನಾನು ಅವರ ಬಾಯಿಯನ್ನೇ ನೋಡುತ್ತಿದ್ದೆ. ಅವ್ವನೂ ನೋಡುತ್ತಿದ್ದಳು. ನಗು ಬರಲಿಲ್ಲ. ಇನ್ನೊಂದನ್ನು ತೆಗೆದರು. ಅದನ್ನೂ ಓದಿ ಮಡಿಲಲ್ಲಿ ಇಟ್ಟುಕೊಂಡರು.

"ನಂಗೂ ನಕ್ಕಿದ್ರು ಕಣೇ ಕ್ಲಾಸಲ್ಲಿ," ಎಂದರು. ಧ್ವನಿ ಮೆತ್ತಗಿತ್ತು. "ಕ್ವೈಟ್ ಅಂದಿದ್ದಕ್ಕೆ. ನಿಂಗೆ ಹೇಳಿರ್ಲಿಲ್ಲ."

"ಗೊತ್ತು."

"ಗೊತ್ತಾ? ಯಾರು ಹೇಳಿದ್ರು?"

"ಊರಿಗೆಲ್ಲಾ ಗೊತ್ತು ರೀ."

ಅಪ್ಪ ಮಡಿಲಲ್ಲಿದ್ದ ಡೈರಿಗಳನ್ನು ಒಂದರ ಮೇಲೊಂದು ಜೋಡಿಸಿದರು. "ಮಾರನೇ ದಿನ ಅದೇ ಕ್ಲಾಸಿಗೆ ಹೋಗ್ಬೇಕಾಯ್ತಲ್ಲ ನಾನು," ಎಂದರು. "ನೀನು ಅವತ್ತು ಹೇಳ್ಕೊಟ್ಟಿರ್ಲಿಲ್ಲ ಅಂದಿದ್ರೆ ಹೋಗ್ತಿರ್ಲಿಲ್ಲ. ರಜ ಬರೆದು ಹಾಕ್ಬಿಡ್ತಿದ್ದೆ." ಪೆನ್ನಿನ ಮುಚ್ಚಳ ತೆಗೆದರು. "ಕೊಡು ಇತ್ಲಾಗೆ. ನೀನು ಹೇಳ್ತಾ ಹೋಗು, ನಾನು ಬರೀತೀನಿ."

ಅಮ್ಮ ಪೆನ್ನು ಕಿತ್ತುಕೊಂಡಳು. ಮೆಲ್ಲಗೆ ತೆಗೆದುಕೊಂಡಳು ಎನ್ನಲಾರೆ, ಕಿತ್ತುಕೊಂಡಳು.

"ನೀವು ಬರೆದ್ರೆ ನಾನು ಯಾವತ್ತು ಕಲಿಯೋದು? ನಾನೇ ಬರೀತೀನಿ. ನೀವು ನೋಡ್ತಾ ಕೂತ್ಕೊಳ್ಳಿ. ನಗಬಾರ್ದು ಅಷ್ಟೇ."

ಅಮ್ಮ ಮಾರನೆಯ ದಿನವೂ ಬಸ್ಸು ಹತ್ತಿದಳು. ಆ ಶಾಲೆ ಕೆಲವು ವರ್ಷ ನಡೆಯಿತು. ಆಮೇಲೆ ಪೇಟೆಯಲ್ಲಿ ಬಸ್ಸಿಟ್ಟುಕೊಂಡ ದೊಡ್ಡ ಶಾಲೆಗಳು ಬಂದು, ಮಕ್ಕಳು ಅತ್ತ ಹೋಗಿ, ಶಾಹೀನಾ ಮೇಡಂ ಬಾಗಿಲು ಹಾಕಿದರು. ಅಮ್ಮ ಮತ್ತೆ ಒಲೆಯ ಮುಂದೆ ಕೂತಳು. ದೊಡ್ಡ ಕಥೆಯೇನೂ ಆಗಲಿಲ್ಲ. ಅಪ್ಪನ ತರಗತಿಯ ಹುಡುಗರು ಕೆಲವರು ಪಾಸಾದರು, ಕೆಲವರು ಆಗಲಿಲ್ಲ. ಅಪ್ಪ ಕೊನೆಯವರೆಗೂ ಕಳೆದುಕೊಳ್ಳುವುದಕ್ಕೆ ಲೂಸ್ ಎಂದೇ ಹೇಳಿದರು, ಆ ನೊಣ ಅವರ ಗಂಟಲಿಗೆ ಬರಲೇ ಇಲ್ಲ. ಅಮ್ಮ ಅಂಗಡಿ ಚೀಟಿ ಬರೆಯುವಾಗಲೂ ಇಂಗ್ಲಿಷ್ ಪದ ಬಂದರೆ ಪೆನ್ನು ಎತ್ತಿ ಒಂದು ಗಳಿಗೆ ತಡೆಯುತ್ತಿದ್ದಳು. ಇಬ್ಬರೂ ಪೂರ್ತಿಯಾಗಿ ಕಲಿಯಲಿಲ್ಲ. ಇಬ್ಬರಿಂದಲೂ ಪೂರ್ತಿಯಾಗಿ ಕಲಿತವಳು ನಾನೊಬ್ಬಳೇ.

ಆದರೆ ಆ ಸಂಜೆಯ ಬಗ್ಗೆ ಇನ್ನೊಂದು ಮಾತಿದೆ. ಅಮ್ಮ ನೆಲದ ಮೇಲೆ ಡೈರಿಗಳನ್ನು ಹರಡಿಕೊಂಡು ಬಗ್ಗಿ ಬರೆಯುತ್ತಿದ್ದಳು. ಅಪ್ಪ ಕುರ್ಚಿಯಿಂದ ಇಳಿದು ಅವಳ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. "ಐ ಮೊದ್ಲು," ಎನ್ನುವರು. "ಬರೆದೆ ರೀ, ಕಾಣ್ತಿಲ್ವಾ," ಎನ್ನುವಳು. ಮಧ್ಯದಲ್ಲಿ ಅಪ್ಪ ತಮ್ಮ ಪುಸ್ತಕ ತೆಗೆದು ಯಾವುದೋ ಪದ ಕೇಳಿದರು, ಅಮ್ಮ ಬರೆಯುತ್ತಲೇ ಉಚ್ಚರಿಸಿದಳು. ನೇರವಾಗಿ, ಅವರ ಮುಖಕ್ಕೆ. ನಾನು ಬಾಗಿಲ ಹತ್ತಿರ ನಿಂತಿದ್ದೆ. ಇನ್ನೇನು ಒಬ್ಬರಾದರೂ ಕರೆಯುತ್ತಾರೆ, ಹೋಗಿ ಕೇಳಿಕೊಂಡು ಬಾ ಎನ್ನುತ್ತಾರೆ ಎಂದುಕೊಂಡಿದ್ದೆ. ಸಾಕಾಗಿದೆ ಎಂದು ಅತ್ತವಳು ನಾನೇ, ಕರೆದರೆ ಓಡಲು ಒಂದು ಕಾಲು ಮುಂದಿಟ್ಟುಕೊಂಡು ನಿಂತಿದ್ದವಳೂ ನಾನೇ. ಅವರು ತಲೆ ಎತ್ತಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಅವ್ವ, "ಕೂತ್ಕೋ ಬಾರೇ," ಎಂದು ಸೀರೆ ಸರಿಸಿ ಜಾಗ ಮಾಡಿದಳು. ಕೂತೆ. ಕಾಲು ಎಷ್ಟು ನೋಯುತ್ತಿದೆ ಎಂದು ಆಗ ಗೊತ್ತಾಯಿತು.